ಬೆವರು ಆರದ ಕಾಲು: ಬಿಸಿಲಿನ ಊರಿನಲ್ಲಿ ಕೃತಕ ಕಾಲು ಹಾಕಿಕೊಂಡವರ ಪಾಡು

ಕಳೆದ ಏಪ್ರಿಲ್‌ನಲ್ಲಿ ಸಿಂಧನೂರಿನ ಹತ್ತಿರ ನಮ್ಮ ಮಾಮಾನ ಮನೆಗೆ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆ ಇರಬೇಕು. ಮಾಮಾ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಒಳಗೆ ಬಂದರು. ಅಕ್ಕಿ ಮೂಟೆಯ ಮೇಲೆ ಕೂತು ಪ್ಯಾಂಟು ಮೇಲಕ್ಕೆ ಮಡಚಿದರು. ಕೃತಕ ಕಾಲಿನ ಪಕ್ಕದ ಗುಂಡಿ ಒತ್ತಿ ಕಾಲನ್ನು ಬಿಡಿಸಿ ಗೋಡೆಗೆ ಒರಗಿಸಿದರು. ಆಮೇಲೆ ಮೊಂಡುಗಾಲಿಗೆ ಅಂಟಿಕೊಂಡಿದ್ದ ಸಿಲಿಕೋನ್ ಲೈನರನ್ನು, ಅಂದರೆ ಕೃತಕ ಕಾಲಿನೊಳಗೆ ಚರ್ಮಕ್ಕೆ ತಾಗಿ ಹಾಕುವ ಮೆತ್ತನೆಯ ಚೀಲವನ್ನು, ನಿಧಾನಕ್ಕೆ ಸುತ್ತಿ ತೆಗೆದು ಬೋರಲು ಹಿಡಿದರು. ಬೆವರು ಸುರಿಯಿತು. ಹನಿ ಹನಿಯಾಗಿ ಅಲ್ಲ, ಚಹಾ ಕಪ್ಪಿನ ತಳದಲ್ಲಿ ಉಳಿದದ್ದನ್ನು ಚೆಲ್ಲಿದ ಹಾಗೆ. ಸಿಮೆಂಟ್ ನೆಲದ ಮೇಲೆ ಅಂಗೈಯಗಲ ಒದ್ದೆಯಾಯಿತು.

ಮೊಂಡುಗಾಲಿನ ತುದಿಯ ಚರ್ಮ ಬೆಳ್ಳಗೆ ಸುಕ್ಕುಗಟ್ಟಿತ್ತು. ಇಡೀ ದಿನ ಬಟ್ಟೆ ಒಗೆದವರ ಬೆರಳ ತುದಿ ಇರುತ್ತದಲ್ಲ, ಥೇಟ್ ಹಾಗೆ. ಮೊಳಕಾಲ ಕೆಳಗಿನ ಎಲುಬಿನ ಮೇಲೆ ಎರಡು ಕಡೆ ಕೆಂಪಗಾಗಿತ್ತು.

“ಒಳಗ ಅನ್ನ ಕುದ್ದಂಗ ಕುದೀತದ ನೋಡವ್ವಾ” ಅಂದರು.

ಎಂಟು ವರ್ಷದ ಹಿಂದೆ ರಾಶಿ ಮಷೀನಿಗೆ ಸಿಕ್ಕಿ ಮಾಮಾ ಮೊಳಕಾಲ ಕೆಳಗೆ ಕಾಲು ಕಳೆದುಕೊಂಡರು. ಮೊದಲ ಕಾಲು ಒಂದು ಶಿಬಿರದಲ್ಲಿ ಸಿಕ್ಕಿತು. ಈಗಿನದು ಮಗ ಸಾಲ ಮಾಡಿ ಕೊಡಿಸಿದ್ದು. ನಡೆಯೋಕೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾರ್ಚ್‌ನಿಂದ ಜೂನ್‌ವರೆಗೆ ದಿನಕ್ಕೆ ಎಷ್ಟು ಹೊತ್ತು ಅದನ್ನು ಹಾಕಿಕೊಳ್ಳಬೇಕು ಅನ್ನೋದನ್ನು ತೀರ್ಮಾನ ಮಾಡೋದು ಮಾಮಾ ಅಲ್ಲ, ಬಿಸಿಲು. ಕಾಲು ಅಳವಡಿಸಿದ ಕಡೆ ಹೋಗಿ ಹೇಳಿದ್ದಕ್ಕೆ, “ಬೆವರೋದು ಸಹಜ, ರೂಢಿ ಆಗುತ್ತೆ” ಅಂದರಂತೆ. ಎಂಟು ಬೇಸಿಗೆ ಕಳೆದವು. ರೂಢಿ ಆಗಿಲ್ಲ.

ರೂಢಿ ಆಗುವಂಥದ್ದೂ ಅಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ನೋಡೋಣ.

ನಮ್ಮ ಮೈ ಶಾಖವನ್ನು ಹೊರಗೆ ಹಾಕಲು ಕೆಲವು ದಾರಿಗಳನ್ನು ಇಟ್ಟುಕೊಂಡಿದೆ. ಸುತ್ತಲಿನ ಗಾಳಿ ತಂಪಾಗಿದ್ದರೆ ಚರ್ಮದ ಬಿಸಿ ಸುಮ್ನೆ ಗಾಳಿಗೆ ಹೋಗುತ್ತದೆ. ಚರ್ಮದ ಉಷ್ಣಾಂಶ ಸಾಮಾನ್ಯವಾಗಿ 33 ಡಿಗ್ರಿಯ ಆಸುಪಾಸು ಇರುತ್ತದೆ. ಹೊರಗೆ 25 ಡಿಗ್ರಿ ಇದ್ದರೆ ತೊಂದರೆ ಇಲ್ಲ. ಹೊರಗೆ 41 ಇದ್ದರೆ? ಆಗ ಲೆಕ್ಕ ತಿರುಗಿಬಿಡುತ್ತದೆ. ಗಾಳಿಯ ಬಿಸಿಯೇ ಮೈಗೆ ಬರುತ್ತದೆ. ಆಗ ಉಳಿಯುವುದು ಒಂದೇ ದಾರಿ, ಬೆವರು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ಆದರೆ ಅದು ಆರಬೇಕು. ಆರದೆ ಮೈಮೇಲೆ ನಿಂತ ಬೆವರು ಬರೀ ಉಪ್ಪುನೀರು.

ಈಗ ಕೃತಕ ಕಾಲಿನ ಒಳಗೆ ಬನ್ನಿ. ಮೊಂಡುಗಾಲು ಕೂರುವ ಗಟ್ಟಿ ಬಟ್ಟಲಿಗೆ ಸಾಕೆಟ್ ಅಂತಾರೆ. ಅದು ಪ್ಲಾಸ್ಟಿಕ್ಕಿನದೋ ಫೈಬರಿನದೋ ಆಗಿರುತ್ತದೆ. ಅದರೊಳಗೆ ಸಿಲಿಕೋನ್ ಅಥವಾ ಜೆಲ್ ಲೈನರ್, ಇಲ್ಲವೇ ಫೋಮ್ ಮತ್ತು ಬಟ್ಟೆಯ ಸಾಕ್ಸು. ಪ್ಲಾಸ್ಟಿಕ್ಕಾಗಲಿ ಸಿಲಿಕೋನಾಗಲಿ ಶಾಖವನ್ನು ಸುಲಭಕ್ಕೆ ಬಿಟ್ಟುಕೊಡುವ ವಸ್ತುಗಳಲ್ಲ. ಗಾಳಿಯಂತೂ ಒಳಗೆ ಸುಳಿಯುವುದೇ ಇಲ್ಲ. ಕಾಲು ಜಾರಬಾರದು ಅಂತ ಬಿಗಿಯಾಗಿ, ಗಾಳಿ ಹೋಗದಂತೆ ಮಾಡಿರುತ್ತಾರೆ. ನಡೆಯುವಾಗ ಒಳಗಿನ ಸ್ನಾಯು ಕೆಲಸ ಮಾಡಿ ಬಿಸಿ ಹುಟ್ಟಿಸುತ್ತದೆ, ರಕ್ತ ಜಾಸ್ತಿ ಹರಿಯುತ್ತದೆ, ಬೆವರು ಬರುತ್ತದೆ. ಬಂದ ಬೆವರಿಗೆ ಹೋಗಲು ಜಾಗವಿಲ್ಲ.

ರಾಯಚೂರಿನ ಬಿಸಿಲು ಒಣ ಬಿಸಿಲು, ಮಂಗಳೂರಿನದು ಒದ್ದೆ ಬಿಸಿಲು ಅಂತ ನಾವು ಹೇಳುತ್ತೇವಲ್ವಾ? ಒಣ ಬಿಸಿಲಿನಲ್ಲಿ ಬೆವರು ಕೂಡಲೇ ಆರುತ್ತದೆ. ಕರಾವಳಿಯಲ್ಲಿ ಆರುವುದಿಲ್ಲ, ಅಂಟಂಟಾಗುತ್ತದೆ. ರಾಯಚೂರು ಜಿಲ್ಲೆಯಲ್ಲಿ ಕೃತಕ ಕಾಲು ಹಾಕಿಕೊಂಡವರ ಕಷ್ಟ ಏನೆಂದರೆ, ಹೊರಗೆ ರಾಯಚೂರಿನ ಉರಿ, ಸಾಕೆಟ್ಟಿನೊಳಗೆ ಮಂಗಳೂರಿನ ಮೇ ತಿಂಗಳು.

ಇದಕ್ಕೆ ಇನ್ನೊಂದು ಲೆಕ್ಕವೂ ಸೇರುತ್ತದೆ. ಸುಟ್ಟಗಾಯದ ಚಿಕಿತ್ಸೆಯಲ್ಲಿ ವೈದ್ಯರು ಒಂದು ಇಡೀ ಕಾಲನ್ನು ಮೈಯ ಒಟ್ಟು ಚರ್ಮದ ಶೇ 18 ಅಂತ ಹಿಡಿಯುತ್ತಾರೆ. ತೊಡೆಯ ಮಟ್ಟದಲ್ಲಿ ಕಾಲು ಹೋದವರಿಗೆ ಅದರಲ್ಲಿ ದೊಡ್ಡ ಪಾಲು ಹೋಗಿಬಿಟ್ಟಿರುತ್ತದೆ. ಉಳಿದ ತುಂಡು ಸಾಕೆಟ್ಟಿನಲ್ಲಿ ಮುಚ್ಚಿಹೋಗಿರುತ್ತದೆ. ಅಂದರೆ ಬೆವರಿ ತಂಪಾಗಲು ಇರುವ ಚರ್ಮವೇ ಕಡಿಮೆ. ಇತ್ತ ಅದೇ ದಾರಿ ನಡೆಯಲು ಅವರಿಗೆ ಬೇರೆಯವರಿಗಿಂತ ಜಾಸ್ತಿ ಶಕ್ತಿ ಬೇಕು. ಮೊಳಕಾಲ ಕೆಳಗೆ ಕಾಲು ಹೋದವರಿಗಿಂತ ಮೇಲೆ ಹೋದವರಿಗೆ ಇನ್ನೂ ಜಾಸ್ತಿ. ಹುಟ್ಟುವ ಬಿಸಿ ಹೆಚ್ಚು, ಹೋಗುವ ದಾರಿ ಕಿರಿದು. ಹಾಗಾಗಿ ಮಾಮಾನಂಥವರ ಬೆನ್ನು, ತಲೆ, ಇನ್ನೊಂದು ಕಾಲು ಎಲ್ಲವೂ ನಮಗಿಂತ ಜಾಸ್ತಿ ಬೆವರುತ್ತವೆ. “ಇಷ್ಟ್ಯಾಕ್ ಬೆವರ್ತೀಯೋ” ಅಂತ ಸಂತೆಯಲ್ಲಿ ಯಾರೋ ಕೇಳಿದರೆ ಅವರಿಗೆ ಬೇಜಾರಾಗುತ್ತದೆ. ಅದು ಬೊಜ್ಜಿನಿಂದಲೂ ಅಲ್ಲ, ಸುಸ್ತಿನಿಂದಲೂ ಅಲ್ಲ.

ಈ ಬಿಸಿಯನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಸಿಯಾಟಲ್‌ನಲ್ಲಿ, ಅಲ್ಲಿನ ಮಾಜಿ ಸೈನಿಕರ ಆರೋಗ್ಯ ಸಂಸ್ಥೆಯ ಸಂಶೋಧಕರು, ಮೊಳಕಾಲ ಕೆಳಗೆ ಕಾಲು ಕಳೆದುಕೊಂಡ 5 ಜನರ ಮೊಂಡುಗಾಲಿನ ಮೇಲೆ 14 ಕಡೆ ಉಷ್ಣಾಂಶ ಅಳೆದರು. 2005ರಲ್ಲಿ ಅದರ ವರದಿ ಬಂತು. ಕೃತಕ ಕಾಲು ಹಾಕಿಕೊಂಡು ಸುಮ್ನೆ ಒಂದು ಗಂಟೆ ಕೂತಿದ್ದಕ್ಕೇ ಚರ್ಮದ ಉಷ್ಣಾಂಶ ಸರಾಸರಿ 0.8 ಡಿಗ್ರಿ ಏರಿತ್ತು. ಆಮೇಲೆ ಬರೀ 10 ನಿಮಿಷ ನಡೆದಾಗ ಒಟ್ಟು ಏರಿಕೆ 1.7 ಡಿಗ್ರಿ ಆಯಿತು. ಮೊಂಡುಗಾಲಿನ ಹಿಂಭಾಗ, ಅಂದರೆ ಮೀನಖಂಡದ ಕಡೆ, ಜಾಸ್ತಿ ಬಿಸಿಯಾಗಿತ್ತು. ಮುಂದೆ ನಡೆದ ಇನ್ನೊಂದು ಅಧ್ಯಯನದಲ್ಲಿ ಅರ್ಧ ಗಂಟೆ ನಡೆಸಿದರು. ಆಮೇಲೆ ಕಾಲು ಹಾಕಿಕೊಂಡೇ ಒಂದು ಗಂಟೆ ಕೂತರೂ ಚರ್ಮ ಮೊದಲಿನ ಉಷ್ಣಾಂಶಕ್ಕೆ ಇಳಿಯಲಿಲ್ಲ.

ಒಂದೆರಡು ಡಿಗ್ರಿ ಅಂದರೆ ಏನು ಮಹಾ ಅನ್ನಿಸಬಹುದು. ಹೊರಗಿನ ಗಾಳಿಯಲ್ಲಿ ಎರಡು ಡಿಗ್ರಿ ನಮಗೆ ಗೊತ್ತೇ ಆಗುವುದಿಲ್ಲ. ಮೈಯ ಮೇಲೆ ಹಾಗಲ್ಲ. ಜ್ವರ ಬಂದಾಗ ಎರಡು ಡಿಗ್ರಿ ಏನು ಮಾಡುತ್ತದೆ ಅಂತ ನೆನಪು ಮಾಡಿಕೊಳ್ಳಿ. ಚರ್ಮದ ಲೆಕ್ಕ ಜ್ವರದ ಲೆಕ್ಕವೇ ಅಲ್ಲ, ಆದರೂ ಮುಚ್ಚಿದ ಸಾಕೆಟ್ಟಿನೊಳಗೆ ಒಂದೆರಡು ಡಿಗ್ರಿಯೂ ಗೊತ್ತಾಗುತ್ತದೆ. ಅಲ್ಲಿ ಅಳೆದದ್ದು ಸಂಶೋಧನಾ ಕೊಠಡಿಯೊಳಗೆ ನಡೆದವರನ್ನು, ಅದೂ 10 ನಿಮಿಷ, ಅರ್ಧ ಗಂಟೆ. ನಮ್ಮಲ್ಲಿ ಹೊಲಕ್ಕೆ ಹೋಗಿಬರುವುದೇ ಅದಕ್ಕಿಂತ ಜಾಸ್ತಿ.

ಸ್ವೀಡನ್ ದೇಶದ ಒಂದು ಅಧ್ಯಯನ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಅದು 2001ರಲ್ಲಿ ಪ್ರಕಟವಾಯಿತು. ಮೊಳಕಾಲ ಮೇಲೆ ಕಾಲು ಕಳೆದುಕೊಂಡ 97 ಜನರನ್ನು, ನಿಮ್ಮ ಬದುಕಿಗೆ ತೊಡಕಾಗಿರುವುದು ಏನು ಅಂತ ಕೇಳಿದ್ದರು. ಎಲ್ಲಕ್ಕಿಂತ ಹೆಚ್ಚು ಜನ, ಶೇ 72ರಷ್ಟು, ಹೇಳಿದ್ದು ಸಾಕೆಟ್ಟಿನೊಳಗಿನ ಬಿಸಿ ಮತ್ತು ಬೆವರು. ಶೇ 62ರಷ್ಟು ಜನ ಹುಣ್ಣು ಮತ್ತು ಚರ್ಮದ ಉರಿ ಅಂದರು. ಕಾಡು ಮೇಡಿನಲ್ಲಿ ನಡೆಯಲಾಗದ್ದು, ಬೇಗ ನಡೆಯಲಾಗದ್ದು ಇವೆಲ್ಲ ಅದರ ನಂತರ ಬಂದವು. ಗಮನಿಸಿ, ಇದು ಸ್ವೀಡನ್. ವರ್ಷದಲ್ಲಿ ಎಷ್ಟೋ ತಿಂಗಳು ಹಿಮ ಬೀಳುವ ದೇಶ. ಅಲ್ಲಿಯೇ ನೂರಕ್ಕೆ 72 ಜನ ಬಿಸಿಯ ಬಗ್ಗೆ ದೂರಿದರೆ, ಬಳ್ಳಾರಿಯಲ್ಲಿ, ಕಲಬುರಗಿಯಲ್ಲಿ ಕೇಳಿದರೆ ಏನು ಹೇಳಬಹುದು?

ಬಿಸಿಯಿಂದ ಚರ್ಮಕ್ಕೆ ಆಗುವುದು ಒಂದರ ಹಿಂದೆ ಒಂದು ಬರುವ ಸರಪಳಿ. ಮೊದಲು ಚರ್ಮ ನೆನೆದು ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮ ಉಜ್ಜಾಟ ತಡೆಯುವುದಿಲ್ಲ. ಬೆವರಿನಿಂದ ಲೈನರಿನ ಹಿಡಿತ ಸಡಿಲವಾಗುತ್ತದೆ, ಕಾಲು ಒಳಗೆ ಸ್ವಲ್ಪ ಮೇಲೆ ಕೆಳಗೆ ಆಡಲು ಶುರುವಾಗುತ್ತದೆ. ನಡೆಯುವ ಒಂದೊಂದು ಹೆಜ್ಜೆಗೂ ಒಮ್ಮೆ ಉಜ್ಜುತ್ತದೆ. ಬೊಕ್ಕೆ ಏಳುತ್ತದೆ, ಒಡೆಯುತ್ತದೆ, ಹುಣ್ಣಾಗುತ್ತದೆ. ಬಿಸಿ ಮತ್ತು ತೇವ ಎರಡೂ ಇರುವ ಕತ್ತಲೆ ಜಾಗ ಅಂದರೆ ಶಿಲೀಂಧ್ರಕ್ಕೂ ಬ್ಯಾಕ್ಟೀರಿಯಾಕ್ಕೂ ಹಬ್ಬ. ಬೆವರುಸಾಲೆ, ಕೂದಲ ಬುಡದಲ್ಲಿ ಕೀವುಗುಳ್ಳೆ, ಹುಳುಕಡ್ಡಿ ಇವೆಲ್ಲ ಬೇಸಿಗೆಯಲ್ಲಿ ಮಾಮೂಲು. ಕೆಲವರಿಗೆ ಲೈನರಿನ ವಸ್ತುವೋ, ತೊಳೆದಾಗ ಉಳಿದ ಸೋಪೋ ಬೆವರಿನ ಜೊತೆ ಸೇರಿ ಅಲರ್ಜಿ ಆಗುತ್ತದೆ.

ಹುಣ್ಣಾದರೆ ಮದ್ದು ಒಂದೇ. ಮಾಯುವ ತನಕ ಕಾಲು ಹಾಕಬಾರದು. ಸಾಮಾನ್ಯ ಮನುಷ್ಯರಿಗೆ ಕಾಲ್ಬೆರಳಿನ ಬೊಕ್ಕೆ ಎರಡು ದಿನದ ಕಿರಿಕಿರಿ. ಮಾಮಾನಿಗೆ ಅದೇ ಗಾತ್ರದ ಬೊಕ್ಕೆ ಎಂದರೆ ಒಂದು ವಾರ, ಹದಿನೈದು ದಿನ ಊರುಗೋಲು. ಅಂಗಡಿ ಬಂದ್. ಸಿಂಧನೂರಿನಿಂದ ಸಾಮಾನು ತರಲು ಇನ್ನೊಬ್ಬರನ್ನು ಬೇಡುವುದು. ಇದನ್ನು ಕಿರಿಕಿರಿ ಅನ್ನಬೇಕೋ, ಕೂಲಿ ಕಳೆದುಕೊಂಡದ್ದು ಅನ್ನಬೇಕೋ?

ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರ ವಿಷಯ ಬೇರೆಯೇ. ಅವರಿಗೆ ಎಷ್ಟೋ ಸಲ ಮೊಂಡುಗಾಲಿನಲ್ಲೂ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ಉರಿ ಗೊತ್ತಾಗದೆ ನಡೆಯುತ್ತಲೇ ಇರುತ್ತಾರೆ. ರಾತ್ರಿ ಲೈನರ್ ತೆಗೆದಾಗ ರಕ್ತ ಕಂಡು ಗೊತ್ತಾಗುತ್ತದೆ. ಅವರ ಹುಣ್ಣು ಬೇಗ ಮಾಯುವುದೂ ಇಲ್ಲ. ಹಬ್ಬಿದರೆ ಇನ್ನಷ್ಟು ಮೇಲಕ್ಕೆ ಕತ್ತರಿಸಬೇಕಾಗಬಹುದು. ಇಂಥವರು ಮನೆಯಲ್ಲಿ ಇದ್ದರೆ, ದಿನಾ ರಾತ್ರಿ ಒಂದು ಚಿಕ್ಕ ಕನ್ನಡಿ ಹಿಡಿದು ಮೊಂಡುಗಾಲಿನ ತಳ ಮತ್ತು ಹಿಂಭಾಗವನ್ನು ನೋಡಿ. ಈ ಲೇಖನದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಹೆಂಗಸರ ಕಷ್ಟ ಇನ್ನೊಂದು ಬಗೆಯದು. ಮಾಮಾ ಅಂಗಡಿಯಲ್ಲೇ ಕಾಲು ಬಿಚ್ಚಿ ಬೆವರು ಒರೆಸಿಕೊಳ್ಳಬಹುದು. ಸೀರೆ ಉಟ್ಟು ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರು ಎಲ್ಲಿ ಬಿಚ್ಚಬೇಕು? ಬಾಗಿಲು ಹಾಕಿಕೊಂಡು ಕೂರಲು ಒಂದು ಕುರ್ಚಿ ಇರುವ ಕೋಣೆ ಎಷ್ಟು ಕಡೆ ಇದೆ? ಕಾಲು ನೈಜವಾಗಿ ಕಾಣಲಿ ಅಂತ ಮೇಲೆ ಫೋಮಿನ ಹೊದಿಕೆ ಹಾಕಿಸಿಕೊಂಡಿರುತ್ತಾರೆ. ಅದು ಇನ್ನೊಂದು ಕಂಬಳಿ ಇದ್ದ ಹಾಗೆ. ಬೆಳಿಗ್ಗೆ ಎಂಟಕ್ಕೆ ಹಾಕಿದ ಕಾಲನ್ನು ಸಂಜೆ ಮನೆಗೆ ಬಂದ ಮೇಲೆಯೇ ತೆಗೆಯುವವರು ತುಂಬಾ ಜನ.

ಈಗ ನಮ್ಮ ದೇಶದ ಕೃತಕ ಕಾಲಿನ ಕತೆಗೆ ಬರೋಣ. ಜೈಪುರ ಕಾಲು ಎಲ್ಲರಿಗೂ ಗೊತ್ತು. 1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಮೂಳೆ ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಅದನ್ನು ರೂಪಿಸಿದರು. 1975ರಲ್ಲಿ ಡಿ.ಆರ್. ಮೆಹ್ತಾ ಅವರು ಶುರುಮಾಡಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ದೇಶದ ಮೂಲೆ ಮೂಲೆಗೂ ಮುಟ್ಟಿಸಿತು. ಅದರ ದೊಡ್ಡತನ ಇರುವುದು ಒಂದು ಸರಳ ಯೋಚನೆಯಲ್ಲಿ. ಆವರೆಗೆ ಬರುತ್ತಿದ್ದ ಕಾಲುಗಳು ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರಿಗೆ ಮಾಡಿದವು. ನಮ್ಮ ಜನ ಬರಿಗಾಲಲ್ಲಿ ನಡೆಯುತ್ತಾರೆ, ಕುಕ್ಕರಗಾಲಲ್ಲಿ ಕೂರುತ್ತಾರೆ, ಚಕ್ಕಳಮಕ್ಕಳ ಹಾಕುತ್ತಾರೆ, ಕೆಸರುಗದ್ದೆಗೆ ಇಳಿಯುತ್ತಾರೆ. ಅದಕ್ಕೆ ತಕ್ಕಂತೆ ರಬ್ಬರಿನ ಪಾದವನ್ನು ಮಾಡಿದರು. ನಮ್ಮ ನೆಲವನ್ನು ನೋಡಿ ಮಾಡಿದ ಪಾದ ಅದು.

ನಾನು ಹೇಳಬೇಕಾಗಿರುವ ಮಾತು ಇಷ್ಟೇ: ನಮ್ಮ ನೆಲಕ್ಕೆ ತಕ್ಕ ಪಾದ ನಮಗೆ ಸಿಕ್ಕಿತು, ನಮ್ಮ ಹವೆಗೆ ತಕ್ಕ ಸಾಕೆಟ್ ಇನ್ನೂ ಸಿಕ್ಕಿಲ್ಲ. ಶಿಬಿರದ ಕಾಲುಗಳ ಸಾಕೆಟ್ಟು ಹೆಚ್ಚಾಗಿ ನೀರಿನ ಪೈಪು ಮಾಡುವ ಜಾತಿಯ ಗಟ್ಟಿ ಪ್ಲಾಸ್ಟಿಕ್ಕಿನದು. ಅಗ್ಗ, ಬಾಳಿಕೆ ಬರುತ್ತದೆ, ಒಂದೇ ದಿನದಲ್ಲಿ ಮಾಡಿ ಕೊಡಬಹುದು. ಅದರ ಮಹತ್ವ ನನಗೆ ಗೊತ್ತು. ಆ ಕಾಲು ಇಲ್ಲದಿದ್ದರೆ ಮಾಮಾ ಮೊದಲ ಮೂರು ವರ್ಷ ಮನೆಯ ಕಟ್ಟೆಯ ಮೇಲೇ ಇರಬೇಕಿತ್ತು. ಅದರ ಒಳಗೆ ಹತ್ತಿಯ ಸಾಕ್ಸು ಹಾಕುವುದರಿಂದ ಸ್ವಲ್ಪ ಬೆವರು ಹೀರಿಕೊಳ್ಳುತ್ತದೆ. ಒದ್ದೆಯಾದರೆ ಬದಲಿಸಬಹುದು. ದುಬಾರಿ ಸಿಲಿಕೋನ್ ಲೈನರಿನಲ್ಲಿ ಹಿಡಿತ ಚೆನ್ನ, ಎಲುಬಿಗೆ ಮೆತ್ತಗೆ, ಆದರೆ ಬೆವರು ಹೀರುವ ಮಾತೇ ಇಲ್ಲ. ಮಾಮಾ ಹೇಳುವ ಪ್ರಕಾರ ನಡಿಗೆಗೆ ಹೊಸ ಕಾಲು, ಸೆಕೆಗೆ ಹಳೇ ಕಾಲು. ದುಡ್ಡು ಜಾಸ್ತಿ ಕೊಟ್ಟರೆ ತೊಂದರೆ ಕಡಿಮೆ ಆಗುತ್ತದೆ ಅನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹೊರದೇಶಗಳಲ್ಲಿ ಪ್ರಯತ್ನಗಳು ಆಗುತ್ತಿವೆ. ಸಣ್ಣ ಸಣ್ಣ ತೂತು ಕೊರೆದು ಬೆವರು ಹೊರಗೆ ಬಿಡುವ ಲೈನರುಗಳು ಬಂದಿವೆ. ಮೇಣದಂಥ ವಸ್ತುವನ್ನು ಸೇರಿಸಿದ ಲೈನರುಗಳಿವೆ. ಮೈ ಬಿಸಿಯಾದಾಗ ಅದು ಕರಗಿ ಶಾಖ ಹೀರುತ್ತದೆ, ತಣ್ಣಗಾದಾಗ ಗಟ್ಟಿಯಾಗಿ ಬಿಟ್ಟುಕೊಡುತ್ತದೆ. ತಂಪು ದೇಶದಲ್ಲಿ ಇದು ಒಳ್ಳೆಯದೇ. ಆದರೆ ಅದು ಹೀರುವುದಕ್ಕೂ ಒಂದು ಮಿತಿ ಇದೆ. ಒಮ್ಮೆ ಪೂರ್ತಿ ಕರಗಿದ ಮೇಲೆ ಮತ್ತೆ ಗಟ್ಟಿಯಾಗಲು ತಂಪು ಬೇಕು. ಬೆಳಗಿನಿಂದ ಸಂಜೆವರೆಗೆ 40 ದಾಟಿದ ಕಡೆ ಆ ತಂಪು ಎಲ್ಲಿಂದ ಬರಬೇಕು? ಸಾಕೆಟ್ಟೇ ಬೇಡ ಅಂತ ಕಾಲನ್ನು ನೇರವಾಗಿ ಎಲುಬಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯೂ ಇದೆ. ಅದು ಸ್ವೀಡನ್ನಿನಲ್ಲಿ 1990ರಲ್ಲಿ ಶುರುವಾಯಿತು. ಸಾಕೆಟ್ಟಿಲ್ಲದಿದ್ದರೆ ಸಾಕೆಟ್ಟಿನ ಬೆವರೂ ಇಲ್ಲ. ಆದರೆ ಲೋಹ ಚರ್ಮವನ್ನು ಸೀಳಿ ಹೊರಗೆ ಬರುವ ಜಾಗದಲ್ಲಿ ಸೋಂಕಿನ ಭಯ ಜೀವನಪೂರ್ತಿ ಇರುತ್ತದೆ. ಹೊಲ, ಧೂಳು, ಸಗಣಿಯ ನಡುವೆ ಬದುಕುವವರಿಗೆ ಅದು ಸದ್ಯಕ್ಕೆ ದೂರದ ಮಾತು.

ಹಾಗಾದರೆ ಈಗಲೇ ಆಗುವಂಥದ್ದು ಏನೂ ಇಲ್ಲವಾ? ಇದೆ, ಅದೂ ದುಬಾರಿಯಲ್ಲ. ಮಧ್ಯಾಹ್ನ ಎರಡು ಮೂರು ಸಲ ಕಾಲು ತೆಗೆದು, ಮೊಂಡುಗಾಲನ್ನೂ ಲೈನರಿನ ಒಳಗನ್ನೂ ಒಣ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿಕೊಳ್ಳುವುದು ಎಲ್ಲಕ್ಕಿಂತ ಫಲ ಕೊಡುತ್ತದೆ. ತುಂಬಾ ಹೊತ್ತು ಬಿಟ್ಟರೆ ಮೊಂಡುಗಾಲು ಊದಿಕೊಂಡು ಸಾಕೆಟ್ಟಿಗೆ ಹೋಗದೇ ಇರಬಹುದು. ಹತ್ತು ಹದಿನೈದು ನಿಮಿಷ ಸಾಕು. ಲೈನರನ್ನು ದಿನಾ ರಾತ್ರಿ ಸೌಮ್ಯ ಸೋಪಿನಲ್ಲಿ ತೊಳೆದು, ಸೋಪು ಉಳಿಯದಂತೆ ಜಾಲಿಸಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಹಾಳಾಗುತ್ತದೆ. ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಲೈನರ್ ಹಾಕುವವರಿದ್ದಾರೆ. ಬೇಡ. ಎಣ್ಣೆಯೋ ಕ್ರೀಮೋ ರಾತ್ರಿ ಕಾಲು ತೆಗೆದ ಮೇಲೆ. ಪೌಡರ್ ಕೂಡ ಬೆವರಿನಲ್ಲಿ ಕಲಸಿ ಗಂಟುಕಟ್ಟಿ ಚರ್ಮವನ್ನು ಉಜ್ಜುತ್ತದೆ. ಮೊಂಡುಗಾಲಿನ ಕೂದಲು ಬೋಳಿಸಿದರೆ ಕೀವುಗುಳ್ಳೆ ಜಾಸ್ತಿಯಾಗುತ್ತದೆ. ಬೆವರು ವಿಪರೀತ ಇದ್ದರೆ ಚರ್ಮದ ವೈದ್ಯರನ್ನು ಕೇಳಿ. ರಾತ್ರಿ ಒಣ ಚರ್ಮಕ್ಕೆ ಹಚ್ಚುವ, ಅಲ್ಯುಮಿನಿಯಂ ಕ್ಲೋರೈಡ್ ಇರುವ ಮದ್ದುಗಳಿವೆ. ಗಾಯದ ಮೇಲೆ ಮಾತ್ರ ಹಚ್ಚಬಾರದು.

ಆದರೆ ಭಾರವೆಲ್ಲ ಕಾಲು ಕಳೆದುಕೊಂಡವರ ಮೇಲೆಯೇ ಹಾಕಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಪ್ರತಿ ಬೇಸಿಗೆ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಯಲ್ಲೂ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಅಂದರೆ ಇಲ್ಲಿನ ಬಿಸಿಲು ಬೇರೆ ಅಂತ ಸರ್ಕಾರ ಒಪ್ಪಿಕೊಂಡಾಗಿದೆ. ಫ್ಯಾನಿನ ಕೆಳಗೆ ಕೂರುವವರಿಗೆ ಬೇರೆ ವೇಳಾಪಟ್ಟಿ ಇರುವ ಜಿಲ್ಲೆಯಲ್ಲಿ, ಸಿಲಿಕೋನ್ ಚೀಲದೊಳಗೆ ಕಾಲಿಟ್ಟು ನಡೆಯುವವರಿಗೆ ಬೇರೆ ಕಾಲು ಯಾಕೆ ಇರಬಾರದು?

ಬೇರೆ ಕಾಲು ಅಂದರೆ ಚಂದ್ರಲೋಕದ ತಂತ್ರಜ್ಞಾನ ಅಲ್ಲ. ಕಾಲು ಕೊಡುವಾಗ ಒಂದರ ಬದಲು ಎರಡು ಲೈನರ್, ಹತ್ತಿಯ ಆರು ಸಾಕ್ಸು ಕೊಡುವುದು. ಒಂದು ಒಣಗುವಾಗ ಇನ್ನೊಂದು ಹಾಕಿಕೊಳ್ಳಬಹುದು. ವಿಕಲಚೇತನರಿಗೆ ಕೃತಕ ಕಾಲಿನಂಥ ಸಾಧನ ಕೊಡಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಒಮ್ಮೆ ನೆರವು ಪಡೆದ ದೊಡ್ಡವರು ಅದೇ ಸಾಧನಕ್ಕೆ ಮತ್ತೆ ನೆರವು ಪಡೆಯಲು 3 ವರ್ಷ ಕಾಯಬೇಕು. ಕಾಲಿಗೆ ಆ ಲೆಕ್ಕ ಸರಿ ಇರಬಹುದು. ದಿನಾ ಬೆವರಿನಲ್ಲಿ ನೆನೆದು, ದಿನಾ ತೊಳೆಸಿಕೊಳ್ಳುವ ಲೈನರು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದಲ್ಲಿ ಹರಿಯಲು ಶುರುವಾಗುತ್ತದೆ. ಮಿಕ್ಕ ಎರಡು ವರ್ಷ ಅದನ್ನೇ ತೇಪೆ ಹಾಕಿ ಎಳೆಯಬೇಕು. ಲೈನರನ್ನೂ ಸಾಕ್ಸನ್ನೂ ಕಾಲಿನಿಂದ ಬೇರೆ ಮಾಡಿ, ವರ್ಷಕ್ಕೊಮ್ಮೆ ಸಿಗುವ ಸಾಮಾನು ಅಂತ ಮಾಡಿದರೆ ಎಷ್ಟೋ ಹುಣ್ಣು ತಪ್ಪುತ್ತವೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕೆಲಸದ ಜಾಗದಲ್ಲಿ ಅಗತ್ಯ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ. ಅನುಕೂಲ ಅಂದಕೂಡಲೇ ನಮಗೆ ರ‍್ಯಾಂಪು, ಲಿಫ್ಟು ನೆನಪಾಗುತ್ತವೆ. ಬಾಗಿಲಿಗೆ ಚಿಲಕ ಇರುವ ಒಂದು ಕೋಣೆ, ಒಂದು ಕುರ್ಚಿ, ಒಂದು ಫ್ಯಾನು, ದಿನಕ್ಕೆ ಎರಡು ಸಲ ಹದಿನೈದು ನಿಮಿಷ. ಇದೂ ಅನುಕೂಲವೇ. ಇದನ್ನು ಕೇಳಲು ಸಂಕೋಚ ಪಡಬೇಕಾಗಿಲ್ಲ.

ಇನ್ನು ಕಾಲು ಅಳವಡಿಸುವವರು ಕೇಳುವ ಪ್ರಶ್ನೆಗಳು. ಎತ್ತರ ಸರಿ ಇದೆಯಾ, ಎಲ್ಲಿ ಒತ್ತುತ್ತದೆ, ನಾಲ್ಕು ಹೆಜ್ಜೆ ನಡೆದು ತೋರಿಸಿ. ಇದೆಲ್ಲ ಬೇಕಾದದ್ದೇ. ಅದರ ಜೊತೆ ಇನ್ನೊಂದು ಪ್ರಶ್ನೆ ಸೇರಲಿ: ಏಪ್ರಿಲ್‌ನಲ್ಲಿ ಮಧ್ಯಾಹ್ನ ನೀವು ಎಲ್ಲಿರುತ್ತೀರಿ? ಹೊಲದಲ್ಲೋ, ತಗಡಿನ ಶೆಡ್ಡಿನಲ್ಲೋ, ಬಸ್ಸಿನಲ್ಲೋ? ಆ ಉತ್ತರದ ಮೇಲೆ ಲೈನರು ಬೇಕೋ ಸಾಕ್ಸು ಬೇಕೋ, ಫೋಮಿನ ಹೊದಿಕೆ ಬೇಕೋ ಬೇಡವೋ ಅಂತ ಕೂತು ಮಾತಾಡಬಹುದು. ಫ್ಯಾನಿನ ಕೆಳಗೆ ನಾಲ್ಕು ಹೆಜ್ಜೆ ನಡೆಸಿದರೆ ಬೇಸಿಗೆ ಗೊತ್ತಾಗುವುದಿಲ್ಲ.

ಮಾಮಾ ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಬೇಸಿಗೆಯಲ್ಲಿ ಅಂಗಡಿ ಬೆಳಿಗ್ಗೆ ಆರರಿಂದ ಹನ್ನೊಂದು, ಮತ್ತೆ ಸಂಜೆ ಐದರಿಂದ. ನಡುವೆ ಕಾಲು ಬಿಚ್ಚಿ ಗೋಡೆಗೆ ಒರಗಿಸಿ, ಹಳೇ ಪಂಚೆಯ ತುಂಡಿನಿಂದ ಒರೆಸಿಕೊಂಡು, ಮೊಂಡುಗಾಲನ್ನು ಮೂಟೆಯ ಮೇಲೆ ಚಾಚಿ ಟೇಬಲ್ ಫ್ಯಾನನ್ನು ಅದರ ಕಡೆಗೇ ತಿರುಗಿಸಿಕೊಳ್ಳುತ್ತಾರೆ. ನಾನು ಹೋದ ದಿನ ಮಾತ್ರ, ಲಾರಿ ತಡವಾಗಿ ಬಂದಿದ್ದರಿಂದ, ಎರಡು ಗಂಟೆವರೆಗೆ ನಿಂತುಬಿಟ್ಟಿದ್ದರು. “ಮಾಮಾ, ಇನ್ನೊಂದು ಲೈನರ್ ತರಿಸೋಣ” ಅಂದೆ. ಬೆಲೆ ಕೇಳಿದರು. ಹೇಳಿದೆ. ಸುಮ್ಮನಾದರು. ಆಮೇಲೆ ಒದ್ದೆ ಲೈನರನ್ನು ಹಗ್ಗದ ಮೇಲೆ, ಬಿಸಿಲು ಬೀಳದ ಕಡೆ ನೇತುಹಾಕಿ, ಅದು ಒಣಗುವ ತನಕ ಚಹಾ ಕುಡಿಯೋಣ ಬಾ ಅಂದರು.